ಮೀಕಾಯೆಹುವಿನ ದರ್ಶನ ಮತ್ತು ದೇವರ ಸತ್ಯತೆ

ಮೀಕಾಯೆಹುವಿನ ದರ್ಶನವು ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬರುವ ಒಂದು ಪ್ರಸಂಗ. ಇದು ಅರಸುಗಳು ಮೊದಲನೆಯ ಭಾಗದ 22ನೆಯ ಅಧ್ಯಾಯದಲ್ಲಿದೆ. ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಪೂರ್ವಕಾಲವೃತ್ತಾಂತ ಎರಡನೆಯ ಭಾಗದ 18ನೆಯ ಅಧ್ಯಾಯದಲ್ಲಿಯೂ ದೊರೆಯುತ್ತದೆ. ಇಸ್ರಾಯೇಲಿನ ಅರಸನಾದ ಅಹಾಬನ ಪ್ರವಾದಿಗಳ ಬಾಯಲ್ಲಿ ದೇವರೇ ಸುಳ್ಳಾಡುವ ಆತ್ಮವನ್ನು ಇರಿಸಿದ್ದಾನೆಂದು ಪ್ರವಾದಿ ಮೀಕಾಯೆಹು ಈ ಪ್ರಸಂಗದಲ್ಲಿ ಘೋಷಿಸುತ್ತಾನೆ. ದೇವರು ಸುಳ್ಳಾಡುವವನಲ್ಲ ಎಂಬುದು ಕ್ರೈಸ್ತ ನಂಬಿಕೆಯ ಮೂಲತತ್ತ್ವಗಳಲ್ಲೊಂದು. ಆದುದರಿಂದ ಈ ಭಾಗವು ವ್ಯಾಖ್ಯಾನಕಾರರಿಗೆ ಕಠಿಣವಾದ ಪ್ರಶ್ನೆಯೊಂದನ್ನು ಒಡ್ಡುತ್ತ ಬಂದಿದೆ.

ಕಥೆಯ ಸಾರಾಂಶ

ಕಥೆಯ ಕಾಲ ಕ್ರಿ.ಪೂ. 9ನೆಯ ಶತಮಾನ. ಅರಾಮ್ಯರಿಗೂ ಇಸ್ರಾಯೇಲ್ಯರಿಗೂ ಮೂರು ವರ್ಷ ಯುದ್ಧವಿರಲಿಲ್ಲ. ಆ ಬಳಿಕ ಅಹಾಬನು ರಾಮೋತ್ ಗಿಲ್ಯಾದ್ ಎಂಬ ಪಟ್ಟಣವನ್ನು ಅರಾಮ್ಯರಿಂದ ಬಿಡಿಸಿಕೊಳ್ಳಲು ಯೋಚಿಸಿ, ತನ್ನಲ್ಲಿಗೆ ಬಂದಿದ್ದ ಯೆಹೂದದ ಅರಸ ಯೆಹೋಷಾಫಾಟನ ನೆರವನ್ನು ಕೇಳುತ್ತಾನೆ. ಮೊದಲು ದೇವರ ಚಿತ್ತವನ್ನು ವಿಚಾರಿಸಬೇಕೆಂದು ಯೆಹೋಷಾಫಾಟನು ಹೇಳುತ್ತಾನೆ. ಅಹಾಬನು ಕರೆಸಿದ ಸುಮಾರು 400 ಮಂದಿ ಪ್ರವಾದಿಗಳೂ ಜಯ ನಿಶ್ಚಯವೆಂದು ಒಂದೇ ಧ್ವನಿಯಲ್ಲಿ ನುಡಿಯುತ್ತಾರೆ. ಅವರಲ್ಲಿ ಚಿದ್ಕೀಯನೆಂಬವನು ಕಬ್ಬಿಣದ ಕೊಂಬುಗಳನ್ನು ಮಾಡಿಸಿಕೊಂಡು ಶತ್ರುವನ್ನು ಹಾಯುವ ಅಭಿನಯವನ್ನೂ ತೋರಿಸುತ್ತಾನೆ.

ಯೆಹೋಷಾಫಾಟನಿಗೆ ಇದರಿಂದ ಸಮಾಧಾನವಾಗುವುದಿಲ್ಲ. ಬೇರೊಬ್ಬ ಪ್ರವಾದಿ ಇಲ್ಲವೇ ಎಂದು ಅವನು ಕೇಳಿದಾಗ ಅಹಾಬನು ಇಮ್ಲನ ಮಗನಾದ ಮೀಕಾಯೆಹುವಿನ ಹೆಸರನ್ನು ಹೇಳುತ್ತಾನೆ. ಆದರೆ ಆತನು ತನ್ನ ವಿಷಯದಲ್ಲಿ ಎಂದೂ ಶುಭವನ್ನು ನುಡಿಯುವುದಿಲ್ಲವಾದ್ದರಿಂದ ತಾನು ಅವನನ್ನು ದ್ವೇಷಿಸುವುದಾಗಿಯೂ ಒಪ್ಪಿಕೊಳ್ಳುತ್ತಾನೆ. ಕರೆತಂದ ಮೀಕಾಯೆಹು ಮೊದಲು ಇತರರ ಮಾತನ್ನೇ ಅಣಕಿಸುವವನಂತೆ ಪುನರುಚ್ಚರಿಸುತ್ತಾನೆ. ಸತ್ಯವನ್ನೇ ಹೇಳಬೇಕೆಂದು ಅರಸನು ಆಣೆಯಿಟ್ಟು ಒತ್ತಾಯಿಸಿದ ಮೇಲೆ, ಇಸ್ರಾಯೇಲ್ಯರು ಕುರುಬನಿಲ್ಲದ ಕುರಿಗಳಂತೆ ಬೆಟ್ಟಗಳಲ್ಲಿ ಚದುರಿರುವುದನ್ನು ತಾನು ಕಂಡೆನೆನ್ನುತ್ತಾನೆ.

ಅನಂತರ ಅವನು ಪರಲೋಕದ ಸಭೆಯ ದರ್ಶನವನ್ನು ವಿವರಿಸುತ್ತಾನೆ. ಯೆಹೋವನು ಸಿಂಹಾಸನಾರೂಢನಾಗಿದ್ದಾನೆ, ಪರಲೋಕಸೈನ್ಯವು ಆತನ ಎಡಬಲಗಳಲ್ಲಿ ನಿಂತಿದೆ. ಅಹಾಬನು ಯುದ್ಧಕ್ಕೆ ಹೋಗಿ ಹತನಾಗುವಂತೆ ಅವನನ್ನು ಮರುಳುಗೊಳಿಸುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಒಂದು ಆತ್ಮವು ಮುಂದೆ ಬಂದು, ತಾನು ಪ್ರವಾದಿಗಳ ಬಾಯಲ್ಲಿ ಸುಳ್ಳಿನ ಆತ್ಮವಾಗುವೆನೆನ್ನುತ್ತದೆ. ದೇವರು ಅದಕ್ಕೆ ಅಪ್ಪಣೆ ಕೊಡುತ್ತಾನೆ.

ಇದನ್ನು ಕೇಳಿದ ಚಿದ್ಕೀಯನು ಮೀಕಾಯೆಹುವಿನ ಕೆನ್ನೆಗೆ ಹೊಡೆಯುತ್ತಾನೆ. ಅರಸನು ಅವನನ್ನು ಸೆರೆಯಲ್ಲಿಡಿಸುತ್ತಾನೆ. ಆ ಬಳಿಕ ವೇಷ ಮರೆಸಿಕೊಂಡು ಯುದ್ಧಕ್ಕೆ ಹೋದ ಅಹಾಬನು, ಯಾರೋ ಒಬ್ಬನು ಗುರಿಯಿಲ್ಲದೆ ಬಿಟ್ಟ ಬಾಣವು ಕವಚದ ಸಂದಿನಲ್ಲಿ ನಾಟಿ, ಸಾಯಂಕಾಲದಲ್ಲಿ ಸಾಯುತ್ತಾನೆ.

ಸಮಸ್ಯೆಯ ಸ್ವರೂಪ

ದೇವರು ಮನುಷ್ಯನಂತೆ ಸುಳ್ಳಾಡುವವನಲ್ಲವೆಂದು ಅರಣ್ಯಕಾಂಡ 23:19 ಹೇಳುತ್ತದೆ. ಸಮುವೇಲ ಮೊದಲನೆಯ ಭಾಗ 15:29ರ ಆಶಯವೂ ಇದೇ. ಹೊಸ ಒಡಂಬಡಿಕೆಯಲ್ಲಿ ತೀತನಿಗೆ ಬರೆದ ಪತ್ರಿಕೆ 1:2 ಮತ್ತು ಇಬ್ರಿಯರಿಗೆ ಬರೆದ ಪತ್ರಿಕೆ 6:18 ಇದನ್ನು ಮತ್ತಷ್ಟು ಬಲಪಡಿಸುತ್ತವೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಪ್ರಕಾರ ದೇವರು ಸುಳ್ಳಾಡುವುದು ಅಸಾಧ್ಯ; ಭಕ್ತನ ನಿರೀಕ್ಷೆಗೆ ಆಧಾರವೂ ಅದೇ.

ಈ ಕಾರಣದಿಂದ ಪ್ರಶ್ನೆಯು ಒಂದು ಪ್ರಾಚೀನ ಕಥೆಗೆ ಮಾತ್ರ ಸೀಮಿತವಾಗುವುದಿಲ್ಲ. ಒಳ್ಳೆಯ ಉದ್ದೇಶಕ್ಕಾಗಿ ದೇವರು ಒಮ್ಮೆ ಸುಳ್ಳಾಡಿಸಬಲ್ಲನಾದರೆ, ರಕ್ಷಣೆಯ ವಾಗ್ದಾನವೂ ಅಂಥದ್ದೇ ಸುಳ್ಳಲ್ಲವೆಂದು ವಿಶ್ವಾಸಿಯು ಹೇಗೆ ತಿಳಿಯಬೇಕು? ಪರಿಹಾರವನ್ನು ಸೂಚಿಸುವ ಪ್ರತಿಯೊಬ್ಬ ವ್ಯಾಖ್ಯಾನಕಾರನೂ ಈ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ.

ಸಂಬಂಧಿತ ವಚನಗಳು

ಮೀಕಾಯೆಹುವಿನ ಪ್ರಸಂಗವನ್ನು ಸಾಮಾನ್ಯವಾಗಿ ಈ ಕೆಳಗಿನ ಭಾಗಗಳೊಂದಿಗೆ ಸೇರಿಸಿ ಚರ್ಚಿಸಲಾಗುತ್ತದೆ.

ಯೆರೆಮೀಯ 20:7: ದೇವರು ತನ್ನನ್ನು ಮರುಳುಗೊಳಿಸಿದನೆಂದು ಪ್ರವಾದಿ ಯೆರೆಮೀಯನು ಪ್ರಲಾಪಿಸುತ್ತಾನೆ.

ಯೆಹೆಜ್ಕೇಲ 14:9: ವಿಗ್ರಹಗಳನ್ನು ಹೃದಯದಲ್ಲಿ ನೆಲೆಗೊಳಿಸಿಕೊಂಡವರಿಗೆ ಪ್ರವಾದಿಯು ಮೋಸಹೋಗಿ ಉತ್ತರ ಕೊಟ್ಟರೆ, ಆ ಪ್ರವಾದಿಯನ್ನು ಮೋಸಗೊಳಿಸಿದವನು ತಾನೇ ಎಂದು ದೇವರು ಹೇಳುತ್ತಾನೆ.

ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆ 2:10-12: ಸತ್ಯವನ್ನು ಪ್ರೀತಿಸದವರು ಸುಳ್ಳನ್ನು ನಂಬುವಂತೆ ದೇವರು ಅವರಲ್ಲಿಗೆ ಭ್ರಮೆಯನ್ನು ಕಳುಹಿಸುತ್ತಾನೆ.

ಮೊದಲ ಎರಡು ಭಾಗಗಳಲ್ಲಿಯೂ ಅರಸುಗಳ ಗ್ರಂಥದ ಈ ಅಧ್ಯಾಯದಲ್ಲಿಯೂ ಹೀಬ್ರೂ ಭಾಷೆಯ ‘ಪಾತಾಹ್’ ಎಂಬ ಒಂದೇ ಕ್ರಿಯಾಪದವಿದೆ. ಮರುಳುಗೊಳಿಸು, ಪುಸಲಾಯಿಸು, ಒಲಿಸಿಕೊಳ್ಳು ಎಂಬ ಅರ್ಥಗಳು ಅದಕ್ಕುಂಟು. ಸಂಸೋನನನ್ನು ಪುಸಲಾಯಿಸುವಂತೆ ಫಿಲಿಷ್ಟಿಯರು ದೆಲೀಲಳಿಗೆ ಹೇಳುವಾಗಲೂ, ದೇವರು ಇಸ್ರಾಯೇಲನ್ನು ಪ್ರೀತಿಯಿಂದ ಒಲಿಸಿ ಅರಣ್ಯಕ್ಕೆ ಕರೆದೊಯ್ಯುವೆನೆಂದು ಹೋಶೇಯನ ಗ್ರಂಥದಲ್ಲಿ ಹೇಳುವಾಗಲೂ ಇದೇ ಪದವು ಬಳಕೆಯಾಗಿದೆ. ಆದ್ದರಿಂದ ಈ ಪದವೊಂದರಿಂದಲೇ ಸುಳ್ಳಿನ ಆರೋಪವು ಸಿದ್ಧವಾಗುವುದಿಲ್ಲ. ಆದರೆ ಮೀಕಾಯೆಹುವಿನ ದರ್ಶನದಲ್ಲಿ ‘ಸುಳ್ಳು’ ಎಂಬ ಅರ್ಥದ ‘ಶೆಕೆರ್’ ಎಂಬ ಪದವೂ ಸ್ಪಷ್ಟವಾಗಿ ಇರುವುದರಿಂದ, ಪದಾರ್ಥದ ವಿವೇಚನೆಯಿಂದ ಮಾತ್ರ ಸಮಸ್ಯೆಯು ಪರಿಹಾರವಾಗದು.

ಪ್ರಮುಖ ವ್ಯಾಖ್ಯಾನಗಳು

ಅನುಮತಿಯ ವಾದ

ದೇವರು ಕೆಡುಕನ್ನು ತಾನಾಗಿ ಮಾಡುವುದಿಲ್ಲ, ಅದು ನಡೆಯುವಂತೆ ಬಿಡುತ್ತಾನೆ ಎಂಬುದು ಈ ವಾದದ ತಿರುಳು. ಸುಳ್ಳಿನ ಸಲಹೆಯು ಆತ್ಮದಿಂದ ಬಂದಿತು, ನುಡಿದವರು ಪ್ರವಾದಿಗಳು, ದೇವರಿಂದ ಬಂದದ್ದು ಅಪ್ಪಣೆ ಮಾತ್ರ. ದೇವರು ಅನುಮತಿಸಿದ್ದನ್ನೂ ನೇರವಾಗಿ ಆತನ ಕಾರ್ಯವೆಂದೇ ಹೇಳುವುದು ಹೀಬ್ರೂ ನಿರೂಪಣೆಯ ವಾಡಿಕೆಯೆಂದು ಈ ಪಕ್ಷದವರು ತಿಳಿಸುತ್ತಾರೆ. ದಾವೀದನು ಜನಗಣತಿ ಮಾಡುವಂತೆ ಪ್ರೇರಿಸಿದವನು ಸಮುವೇಲ ಎರಡನೆಯ ಭಾಗ 24:1ರಲ್ಲಿ ಯೆಹೋವನು. ಪೂರ್ವಕಾಲವೃತ್ತಾಂತ ಮೊದಲನೆಯ ಭಾಗ 21:1ರಲ್ಲಿ ಸೈತಾನನು. ಇದು ಅವರ ಮುಖ್ಯ ನಿದರ್ಶನ.

13ನೆಯ ಶತಮಾನದ ಥಾಮಸ್ ಅಕ್ವೈನಾಸನು ಈ ವಿಚಾರಕ್ಕೆ ತಾತ್ತ್ವಿಕ ರೂಪವನ್ನು ಕೊಟ್ಟನು. ಕೆಡುಕು ಆಗಲೆಂದಾಗಲಿ ಆಗಬಾರದೆಂದಾಗಲಿ ದೇವರು ಸಂಕಲ್ಪಿಸುವುದಿಲ್ಲ. ಅದನ್ನು ಅನುಮತಿಸಲು ಸಂಕಲ್ಪಿಸುತ್ತಾನೆ, ಆ ಅನುಮತಿಯು ಒಳ್ಳೆಯದು ಎಂಬುದು ಅವನ ನಿಲುವು. ಆದರೆ ದರ್ಶನದಲ್ಲಿ ಮರುಳುಗೊಳಿಸುವವರು ಯಾರೆಂದು ಮೊದಲು ಕೇಳುವವನು ದೇವರೇ ಆಗಿದ್ದಾನೆ. ಹೋಗಿ ಹಾಗೆಯೇ ಮಾಡು ಎಂದು ಆತನು ಆಜ್ಞಾಪಿಸುತ್ತಾನೆ. ಇದನ್ನು ಕೇವಲ ಅನುಮತಿಯೆನ್ನಲಾದೀತೇ ಎಂಬುದು ಈ ವಾದಕ್ಕಿರುವ ಮುಖ್ಯ ಆಕ್ಷೇಪ.

ನ್ಯಾಯತೀರ್ಪಿನ ವಾದ

16ನೆಯ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನನು ಬರಿಯ ಅನುಮತಿಯ ವಾದವನ್ನು ಒಪ್ಪಲಿಲ್ಲ. ಕ್ರೈಸ್ತ ಧರ್ಮವನ್ನು ಕುರಿತ ತನ್ನ ಮುಖ್ಯ ಗ್ರಂಥದಲ್ಲಿ ಅವನು ಅಹಾಬನ ಪ್ರಸಂಗವನ್ನೇ ಎತ್ತಿಕೊಂಡು, ಅರಸನು ಮೋಸಹೋಗುವುದು ದೇವರ ತೀರ್ಪೇ ಆಗಿತ್ತೆಂದು ವಾದಿಸಿದನು. ಅವನ ಪ್ರಕಾರ ಒಂದೇ ಘಟನೆಯಲ್ಲಿ ಸುಳ್ಳಾಡುವವನ ಉದ್ದೇಶವು ದುಷ್ಟವಾಗಿರಬಹುದು, ಅದನ್ನು ದಂಡನೆಗಾಗಿ ಬಳಸುವ ದೇವರ ಉದ್ದೇಶವು ನ್ಯಾಯವಾಗಿರಬಹುದು.

ಕಥೆಯ ಹಿನ್ನೆಲೆಯು ಈ ವಾದಕ್ಕೆ ಬೆಂಬಲ ನೀಡುತ್ತದೆ. ಹಿಂದಿನ ಅಧ್ಯಾಯದಲ್ಲಿ ನಾಬೋತನ ದ್ರಾಕ್ಷಿತೋಟವನ್ನು ಕಬಳಿಸುವುದಕ್ಕಾಗಿ ಅಹಾಬನ ಹೆಂಡತಿ ಈಜೆಬೆಲಳು ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದ್ದಳು. ಸುಳ್ಳಿನ ಫಲವನ್ನು ಅನುಭವಿಸಿದ ಅರಸನು ಸುಳ್ಳಿನಿಂದಲೇ ನಾಶವಾಗುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಮೂರು ಸಾರಿ ಬರುವ, ದೇವರು ಅವರನ್ನು ಅವರ ಇಚ್ಛೆಗೆ ಒಪ್ಪಿಸಿಬಿಟ್ಟನೆಂಬ ಮಾತನ್ನೂ ಇದರೊಂದಿಗೆ ಹೋಲಿಸಲಾಗುತ್ತದೆ. ಆದರೆ ದಂಡನೆಯು ನ್ಯಾಯವೆಂದು ಸಿದ್ಧಪಡಿಸುವುದೇ ಬೇರೆ, ದಂಡಿಸಲು ಸುಳ್ಳನ್ನು ಬಳಸುವವನು ಸತ್ಯವಂತನೆಂದು ಸಿದ್ಧಪಡಿಸುವುದೇ ಬೇರೆ ಎಂದು ವಿಮರ್ಶಕರು ಹೇಳುತ್ತಾರೆ.

ಬಹಿರಂಗಪಡಿಸುವಿಕೆಯ ವಾದ

ಈ ವಾದವು ದರ್ಶನದ ಒಳಗಿನ ಮಾತುಗಳಿಗಿಂತ, ಆ ದರ್ಶನವನ್ನು ಅಹಾಬನಿಗೇ ಹೇಳಲಾಯಿತೆಂಬ ಸಂಗತಿಗೆ ಹೆಚ್ಚಿನ ಮಹತ್ತ್ವ ಕೊಡುತ್ತದೆ. ಮೋಸಗಾರನು ತನ್ನ ಮೋಸವನ್ನು ಮುಚ್ಚಿಡುತ್ತಾನೆ. ಇಲ್ಲಿಯಾದರೋ ಸುಳ್ಳು ಯಾವುದು, ಅದನ್ನು ನುಡಿದವರು ಯಾರು, ನಂಬಿದರೆ ಆಗುವುದೇನು ಎಂಬ ಮೂರೂ ವಿಷಯಗಳನ್ನು ಯುದ್ಧಕ್ಕೆ ಹೊರಡುವ ಮೊದಲೇ ಅರಸನ ಎದುರಿನಲ್ಲಿ ತಿಳಿಸಲಾಗಿದೆ. ಅಹಾಬನು ಸತ್ಯವನ್ನು ಕೇಳದೆ ಸಾಯಲಿಲ್ಲ. ಕೇಳಿ, ಹೇಳಿದವನನ್ನು ಸೆರೆಗೆ ಹಾಕಿ ಸತ್ತನು. ಅವನು ವೇಷ ಮರೆಸಿಕೊಂಡುದು ಮೀಕಾಯೆಹುವಿನ ಮಾತಿಗೆ ಒಳಗೊಳಗೇ ಹೆದರಿದ್ದನೆಂಬುದರ ಸೂಚನೆಯೆಂದು ಹಲವರು ಭಾವಿಸುತ್ತಾರೆ.

ಇಂಗ್ಲೆಂಡಿನ ವಿದ್ವಾಂಸ ವಾಲ್ಟರ್ ಮೊಬರ್ಲಿ 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ದಿಕ್ಕಿನ ಚರ್ಚೆಗಳಲ್ಲಿ ಮುಖ್ಯವಾದುದು. ಪರಲೋಕದ ಸಭೆಯ ಚಿತ್ರವು ಸಮಾರ್ಯದ ಬಾಗಿಲಲ್ಲಿ ಸಿಂಹಾಸನಗಳ ಮೇಲೆ ಕುಳಿತ ಇಬ್ಬರು ಅರಸರ ಸಭೆಗೆ ಹಿಡಿದ ಕನ್ನಡಿಯೆಂದೂ, ಅರಸನನ್ನು ಎಚ್ಚರಿಸಿ ಅವನ ಮನಸ್ಸನ್ನು ತಿರುಗಿಸುವುದೇ ಅದರ ಉದ್ದೇಶವೆಂದೂ ಅವರು ಓದುತ್ತಾರೆ. ನಿನೆವೆಯ ನಾಶವನ್ನು ಯೋನನು ಸಾರಿದಾಗ ಜನರು ಪಶ್ಚಾತ್ತಾಪಪಟ್ಟರು, ನಾಶವು ತಪ್ಪಿತು. ಎಚ್ಚರಿಕೆಯ ಪ್ರವಾದನೆಗಳಲ್ಲಿ ಇಂಥ ಷರತ್ತು ಅಡಗಿರುತ್ತದೆಯೆಂದು ಯೆರೆಮೀಯ 18:7-10 ವಿವರಿಸುತ್ತದೆ.

ಈ ಓದು ಅಹಾಬನ ಮಟ್ಟಿಗೆ ದೇವರ ಸತ್ಯತೆಯನ್ನು ಕಾಯ್ದುಕೊಳ್ಳುತ್ತದೆ. ಆದರೆ ಆ 400 ಮಂದಿ ಪ್ರವಾದಿಗಳ ಸ್ಥಿತಿಯೇನೆಂಬ ಪ್ರಶ್ನೆಯು ಉಳಿಯುತ್ತದೆ. ಅರಸನಿಗೆ ಪ್ರಿಯವಾದುದನ್ನೇ ನುಡಿಯುವ ಆಸ್ಥಾನದವರಾದ್ದರಿಂದ ಅವರು ಮೊದಲೇ ಸುಳ್ಳಿಗೆ ಒಲಿದಿದ್ದರೆಂಬುದು ಸಾಮಾನ್ಯವಾದ ಉತ್ತರ.

ಯೆಹೂದ್ಯ ವ್ಯಾಖ್ಯಾನ

ಇದೇ ಪ್ರಶ್ನೆ ಯೆಹೂದ್ಯ ಗುರುಗಳನ್ನೂ ಕಾಡಿತ್ತು. ತಾಲ್ಮುದಿನ ಸನ್ಹೆದ್ರಿನ್ ಭಾಗವು ಮುಂದೆ ಬಂದ ಆ ಆತ್ಮವನ್ನು ನಾಬೋತನ ಆತ್ಮವೆಂದು ಗುರುತಿಸುತ್ತದೆ. ಹೊರಟುಹೋಗು ಎಂಬ ದೇವರ ಮಾತಿಗೆ, ಸುಳ್ಳಾಡುವವನು ತನ್ನ ಸನ್ನಿಧಿಯಲ್ಲಿ ನಿಲ್ಲಲಾರನೆಂಬ ಅರ್ಥವನ್ನೂ ಅಲ್ಲಿ ಕಲ್ಪಿಸಲಾಗಿದೆ. ಅಲ್ಲದೆ ನಿಜವಾದ ಇಬ್ಬರು ಪ್ರವಾದಿಗಳು ಒಂದೇ ಶೈಲಿಯಲ್ಲಿ ನುಡಿಯುವುದಿಲ್ಲ. ಎಲ್ಲರೂ ಒಂದೇ ಮಾತನ್ನಾಡಿದ್ದರಿಂದಲೇ ಯೆಹೋಷಾಫಾಟನಿಗೆ ಸಂಶಯ ಬಂದಿತೆಂದು ವಿವರಿಸಲಾಗಿದೆ.

ಸಭಾಪಿತೃಗಳ ಕಾಲದ ಚರ್ಚೆ

ಹಿತಕ್ಕಾಗಿ ಮೋಸ ಮಾಡಬಹುದೇ ಎಂಬ ವಿಷಯದಲ್ಲಿ ಆದಿಕಾಲದ ಕ್ರೈಸ್ತ ಚಿಂತಕರಲ್ಲಿ ಒಮ್ಮತವಿರಲಿಲ್ಲ. 3ನೆಯ ಶತಮಾನದ ಆರಿಜೆನನು ಯೆರೆಮೀಯನ ಪ್ರಲಾಪವನ್ನು ವಿವರಿಸುವಾಗ, ತಂದೆಯು ಮಗುವಿನ ಮತ್ತು ವೈದ್ಯನು ರೋಗಿಯ ಹಿತಕ್ಕಾಗಿ ನಿಜವನ್ನು ಮರೆಮಾಡುವಂತೆ ದೇವರೂ ಮಾಡಬಹುದೆಂದು ಸೂಚಿಸಿದನು. ಸಂತ ಅಗಸ್ಟೀನನು ಯಾವ ಸುಳ್ಳನ್ನೂ ಒಪ್ಪಲಿಲ್ಲ. ಸುಳ್ಳನ್ನು ಕುರಿತು ಅವನು ಸುಮಾರು 395ರಲ್ಲಿ ಒಂದು, ಸುಮಾರು 420ರಲ್ಲಿ ಇನ್ನೊಂದು ಗ್ರಂಥವನ್ನು ರಚಿಸಿದನು. ಇಬ್ರಿಯ ಸೂಲಗಿತ್ತಿಯರಿಗೂ ರಾಹಾಬಳಿಗೂ ಪ್ರತಿಫಲ ದೊರೆತದ್ದು ಅವರ ದಯೆಗೇ ಹೊರತು ಸುಳ್ಳಿಗಲ್ಲವೆಂದು ಅವನು ವಾದಿಸಿದನು. ಸತ್ಯವನ್ನು ಹೇಳದೆ ಬಿಡುವುದಕ್ಕೂ ಸುಳ್ಳನ್ನು ಹೇಳುವುದಕ್ಕೂ ಅಂತರವಿದೆಯೆಂದೂ ತೋರಿಸಿದನು.

ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಬರುವ ಪೇತ್ರ ಮತ್ತು ಪೌಲರ ಜಗಳವು ಹಿತಕ್ಕಾಗಿ ಮಾಡಿದ ನಟನೆಯೆಂದು ಜೆರೋಮನು ಬರೆದಾಗ, ಅಗಸ್ಟೀನನು ಪತ್ರಗಳ ಮೂಲಕ ಅದನ್ನು ತೀವ್ರವಾಗಿ ವಿರೋಧಿಸಿದನು. ಗ್ರಂಥದಲ್ಲಿ ಉಪಯುಕ್ತವಾದ ಒಂದು ಸುಳ್ಳನ್ನು ಒಪ್ಪಿಕೊಂಡರೂ, ತನಗೆ ಕಷ್ಟವೆನಿಸಿದ ಯಾವ ಮಾತನ್ನೂ ಓದುಗನು ಹಾಗೆಯೇ ತಳ್ಳಿಹಾಕಬಹುದೆಂಬುದು ಅವನ ಆತಂಕವಾಗಿತ್ತು.

ತತ್ತ್ವಶಾಸ್ತ್ರದಲ್ಲಿ

ರೆನೆ ಡೇಕಾರ್ಟನು 1641ರಲ್ಲಿ ಪ್ರಕಟಿಸಿದ ಚಿಂತನೆಗಳ ಗ್ರಂಥದಲ್ಲಿ, ದೇವರು ಮೋಸಗಾರನಲ್ಲವೆಂಬ ತತ್ತ್ವವನ್ನೇ ನಿಶ್ಚಿತ ಜ್ಞಾನದ ಆಧಾರವನ್ನಾಗಿ ಇಟ್ಟುಕೊಂಡನು. ಮೆರ್ಸೆನನು ಸಂಗ್ರಹಿಸಿದ ಎರಡನೆಯ ಆಕ್ಷೇಪಗಳಲ್ಲಿ ಫರೋಹನ ಹೃದಯವನ್ನು ಕಠಿಣಗೊಳಿಸಿದ ಪ್ರಸಂಗವನ್ನೂ ಯೋನನ ಪ್ರವಾದನೆಯನ್ನೂ ಇದಕ್ಕೆ ಪ್ರತಿಯಾಗಿ ಒಡ್ಡಲಾಯಿತು. ಜನಸಾಮಾನ್ಯರ ಗ್ರಹಿಕೆಗೆ ತಕ್ಕಂತೆ ದೇವರ ಬಗ್ಗೆ ಆಡುವ ಮಾತುಗಳನ್ನು ಶುದ್ಧ ಸತ್ಯನಿರೂಪಣೆಯಿಂದ ಬೇರ್ಪಡಿಸಬೇಕೆಂದೂ, ನಿನೆವೆಗೆ ಹೇಳಿದ್ದು ಷರತ್ತಿಗೆ ಒಳಪಟ್ಟ ಎಚ್ಚರಿಕೆಯೆಂದೂ ಡೇಕಾರ್ಟನು ಉತ್ತರಿಸಿದನು.

ಆಧುನಿಕ ವಿಮರ್ಶೆ

ಐತಿಹಾಸಿಕ ವಿಮರ್ಶೆಯು ಈ ಅಧ್ಯಾಯವನ್ನು ಪ್ರವಾದಿಗಳ ನಡುವಿನ ಸಂಘರ್ಷದ ದಾಖಲೆಯಾಗಿ ನೋಡುತ್ತದೆ. ಇಬ್ಬರೂ ಯೆಹೋವನ ಹೆಸರಿನಲ್ಲಿ ನುಡಿಯುವಾಗ ಯಾರ ಮಾತು ನಿಜವೆಂದು ತಿಳಿಯುವುದು ಹೇಗೆಂಬುದು ಅಂದಿನ ಸಮಾಜದ ಜ್ವಲಂತ ಪ್ರಶ್ನೆಯಾಗಿತ್ತು. ಸೈಮನ್ ಡಿವ್ರೀಸ್ 1978ರ ತಮ್ಮ ಗ್ರಂಥದಲ್ಲಿ ಈ ಕಥೆಯನ್ನು ಪ್ರವಾದಿಗೆ ಎದುರಾಗಿ ಪ್ರವಾದಿ ಎಂಬ ನೆಲೆಯಲ್ಲಿ ಪರಿಶೀಲಿಸಿದ್ದಾರೆ. ಒಳಿತು ಕೆಡುಕುಗಳೆರಡನ್ನೂ ಒಬ್ಬನೇ ದೇವರಿಗೆ ಆರೋಪಿಸುವ ಪ್ರಾಚೀನ ದೃಷ್ಟಿಯು ಇಲ್ಲಿದೆಯೆಂದೂ, ಮೋಸದ ಕಾರ್ಯವನ್ನು ಸೈತಾನನಿಗೆ ವಹಿಸುವ ಕಲ್ಪನೆಯು ಅನಂತರ ಬೆಳೆಯಿತೆಂದೂ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಈ ನೋಟವು ಗ್ರಂಥದ ಮಾತನ್ನು ಮೃದುಗೊಳಿಸದೆ ಇರುವಂತೆಯೇ ಸ್ವೀಕರಿಸುತ್ತದೆ. ಆದರೆ ಗ್ರಂಥದ ಎಲ್ಲ ಭಾಗಗಳೂ ಏಕಸ್ವರದಲ್ಲಿ ಮಾತನಾಡುತ್ತವೆಂದು ನಂಬುವವರಿಗೆ ಇದು ಸಮ್ಮತವಾಗುವುದಿಲ್ಲ.

ಪ್ರಸಂಗದ ಮಹತ್ತ್ವ

ಮೇಲಿನ ವ್ಯಾಖ್ಯಾನಗಳಲ್ಲಿ ಯಾವುದೊಂದೂ ಎಲ್ಲ ಕ್ರೈಸ್ತ ಪರಂಪರೆಗಳಿಗೆ ಒಪ್ಪಿಗೆಯಾಗಿಲ್ಲ. ಅನುಮತಿಯ ವಾದವು ದೇವರ ಪರಿಶುದ್ಧತೆಯನ್ನೂ, ತೀರ್ಪಿನ ವಾದವು ಆತನ ಸಾರ್ವಭೌಮತ್ವವನ್ನೂ, ಬಹಿರಂಗಪಡಿಸುವಿಕೆಯ ವಾದವು ಮನುಷ್ಯನ ಹೊಣೆಗಾರಿಕೆಯನ್ನೂ ಎತ್ತಿಹಿಡಿಯುತ್ತವೆ. ಆದರೂ ಕಥೆಯ ಒಂದು ಅಂಶವನ್ನು ಈ ಮೂರೂ ಪಕ್ಷಗಳು ಒಪ್ಪುತ್ತವೆ: ಅಹಾಬನ ಮುಂದೆ ಸುಳ್ಳೂ ಇತ್ತು, ಸತ್ಯವೂ ಇತ್ತು. ಸುಳ್ಳು 400 ಬಾಯಿಗಳಿಂದ ಬಂದಿತು, ಸತ್ಯವು ಒಂದೇ ಬಾಯಿಯಿಂದ ಬಂದಿತು, ಮತ್ತು ಆ ಒಂದು ಬಾಯಿಯು ಯಾರದೆಂಬುದನ್ನು ಅರಸನು ಮೊದಲಿನಿಂದಲೂ ಬಲ್ಲವನಾಗಿದ್ದನು.