ಕೆಮ್ಮಿಗೆ ನುಂಗಿದ್ದು ಹೊಟ್ಟೆಗೆ ತಟ್ಟಿತು

ಹೆಲಿಕೋಬ್ಯಾಕ್ಟರ್ ಪೈಲೊರಿ ಜಠರದ ಆಮ್ಲದಲ್ಲೂ ಬದುಕಬಲ್ಲ ಬ್ಯಾಕ್ಟೀರಿಯ. ಯೂರಿಯವನ್ನು ಒಡೆದು ಅಮೋನಿಯ ಮಾಡಿ, ತನ್ನ ಸುತ್ತಲಿನ ಆಮ್ಲದ ಉರಿಯನ್ನು ತಾನೇ ತಣಿಸಿಕೊಳ್ಳುತ್ತದೆ. ಹೊಟ್ಟೆ ಹುಣ್ಣಿಗೆ ಇದು ಕಾರಣವೆಂದು ಕಂಡುಕೊಂಡ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಜಠರದ ಕ್ಯಾನ್ಸರಿಗೂ ಇದರಿಂದ ದಾರಿಯಾಗುತ್ತದೆ. ಹಾಗಾಗಿ ಇದನ್ನು ಪೂರ್ತಿ ತೊಲಗಿಸಲು ಆಮ್ಲ ತಗ್ಗಿಸುವ ಗುಳಿಗೆಯ ಜೊತೆ ಎರಡು ಆ್ಯಂಟಿಬಯೋಟಿಕ್ ಕೊಡುವುದು ವಾಡಿಕೆ.

ಆದರೆ ಒಂದೂರಿನಲ್ಲಿ ಗುಣ ಕೊಟ್ಟ ಗುಳಿಗೆ ಇನ್ನೊಂದೂರಿನಲ್ಲಿ ಸೋಲುತ್ತದೆ. ಜಪಾನಿನಲ್ಲಿ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಇನ್ನೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕ್ಲಾರಿಥ್ರೋಮೈಸಿನ್ ಎಂಬ ಇನ್ನೊಂದು ಮಾತ್ರ ಆಗಾಗ ಕೈಕೊಡುತ್ತದೆ. ನಮ್ಮಲ್ಲಿ ಮೆಟ್ರೊನಿಡಜೋಲೇ ದೊಡ್ಡ ಸಮಸ್ಯೆ. ಲಖನೌ, ದೆಹಲಿ, ಹೈದರಾಬಾದ್, ಚಂಡೀಗಢ, ಚೆನ್ನೈಗಳ ಮಾದರಿಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇ 78ರಷ್ಟು ಬ್ಯಾಕ್ಟೀರಿಯಗಳು ಅದಕ್ಕೆ ಬಗ್ಗಲಿಲ್ಲ. ಅದರಲ್ಲೂ ದೆಹಲಿ, ಚಂಡೀಗಢಗಳಿಗಿಂತ ಹೈದರಾಬಾದ್, ಚೆನ್ನೈಗಳ ಸ್ಥಿತಿ ಬಹಳ ಕೆಟ್ಟದಾಗಿತ್ತು.

ದೇಶ ದೇಶಗಳ ನಡುವೆ ಈ ವ್ಯತ್ಯಾಸ ಬಂದದ್ದು ಹೊಟ್ಟೆ ಹುಣ್ಣಿನ ಚಿಕಿತ್ಸೆಯೊಂದರಿಂದಲೇ ಅಲ್ಲ. ಭೇದಿಯಾದರೆ, ಆಮಶಂಕೆಯಾದರೆ, ವಸಡು ಊದಿಕೊಂಡರೆ ಮೆಟ್ರೊನಿಡಜೋಲ್ ತೆಗೆದುಕೊಳ್ಳುವುದು ನಮ್ಮ ಅಭ್ಯಾಸ. ಎಷ್ಟೋ ಸಲ ಚೀಟಿಯೇ ಇಲ್ಲದೆ ಔಷಧದಂಗಡಿಯಿಂದಲೇ. ಜಪಾನಿನಲ್ಲಿ ಕ್ಲಾರಿಥ್ರೋಮೈಸಿನ್ ಶ್ವಾಸಕೋಶದ ತೊಂದರೆಗಳಿಗೆ ದಶಕಗಳಿಂದ ಧಾರಾಳವಾಗಿ ಬಳಕೆಯಲ್ಲಿದೆ. ಕರುಳಿಗೆಂದೋ ಗಂಟಲಿಗೆಂದೋ ನುಂಗಿದ ಗುಳಿಗೆ ಜಠರವನ್ನು ದಾಟಿಯೇ ಹೋಗಬೇಕು. ಅಲ್ಲಿ ವರ್ಷಗಟ್ಟಲೆ ಬೀಡುಬಿಟ್ಟ ಬ್ಯಾಕ್ಟೀರಿಯದ ಮೇಲೂ ಅದರ ಪೆಟ್ಟು ಬೀಳುತ್ತದೆ, ಆದರೆ ಅದನ್ನು ಕೊಲ್ಲುವಷ್ಟಲ್ಲ. ತಡೆದುಕೊಂಡವು ಉಳಿದು ಬೆಳೆಯುತ್ತವೆ. ಯುರೋಪಿನ 18 ದೇಶಗಳಲ್ಲಿ 2018ರ ಮಾದರಿಗಳನ್ನು ಪರೀಕ್ಷಿಸಿದಾಗ ಇದೇ ಕಂಡಿತು: ಕ್ಲಾರಿಥ್ರೋಮೈಸಿನ್ ಬಳಗದ ಔಷಧಗಳನ್ನು ಜನ ಹೆಚ್ಚು ನುಂಗುವ ದೇಶದಲ್ಲಿ ಪ್ರತಿರೋಧವೂ ಹೆಚ್ಚು. ಅಲ್ಲಿ ಪ್ರತಿರೋಧದ ಸರಾಸರಿ ಶೇ 21ನ್ನು ದಾಟಿತ್ತು. ಶೇ 15 ಮೀರಿದರೆ ಪರೀಕ್ಷೆಯಿಲ್ಲದೆ ಕ್ಲಾರಿಥ್ರೋಮೈಸಿನ್ ಕೊಡಬಾರದೆಂದು ತಜ್ಞರ ಸಲಹೆ.

ಬ್ಯಾಕ್ಟೀರಿಯ ತಪ್ಪಿಸಿಕೊಳ್ಳುವ ಬಗೆಯಂತೂ ಬೆರಗು ಹುಟ್ಟಿಸುವಂಥದ್ದು. ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಅಂಟಿಕೊಂಡು ಆ ಕೆಲಸವನ್ನೇ ನಿಲ್ಲಿಸುವುದು ಕ್ಲಾರಿಥ್ರೋಮೈಸಿನ್ ವರಸೆ. ಅಲ್ಲಿನ ಆರ್‌ಎನ್‌ಎಯ 2143ನೇ ಸ್ಥಾನದಲ್ಲಿ ಒಂದೇ ಒಂದು ಅಕ್ಷರ, ‘ಎ’ ಹೋಗಿ ‘ಜಿ’ ಆದರೂ ಸಾಕು, ಔಷಧಕ್ಕೆ ಹಿಡಿತ ಸಿಗುವುದಿಲ್ಲ. ಮೆಟ್ರೊನಿಡಜೋಲ್ ಕಥೆ ಬೇರೆ. ಬ್ಯಾಕ್ಟೀರಿಯದ ಕಿಣ್ವವೇ ಅದನ್ನು ವಿಷವಾಗಿ ಬದಲಿಸಬೇಕು. ಕಿಣ್ವದ ಜೀನ್ ಕೆಟ್ಟರೆ ಆ ವಿಷವೇ ಸರಿಯಾಗಿ ತಯಾರಾಗುವುದಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಬಿಸ್ಮತ್, ಟೆಟ್ರಾಸೈಕ್ಲಿನ್ ಸೇರಿದ ನಾಲ್ಕು ಔಷಧಗಳ ಕೋರ್ಸ್ ಇನ್ನೂ ಭರವಸೆಯದ್ದೇ. ಮೆಟ್ರೊನಿಡಜೋಲ್ ಪ್ರತಿರೋಧವನ್ನೂ ಪ್ರಮಾಣ ಮತ್ತು ಅವಧಿ ಹೆಚ್ಚಿಸಿ ಬಹುಮಟ್ಟಿಗೆ ಮೀರಬಹುದು. ಆದರೆ ವೈದ್ಯರು ಸರಿಯಾದ ಜೋಡಿಯನ್ನು ಆರಿಸಬೇಕಾದರೆ ನಿಮ್ಮ ಹಳೆಯ ಚೀಟಿಗಳು ಅವರಿಗೆ ಬೇಕು. ಹೊಟ್ಟೆ ಹುಣ್ಣಿನ ಚಿಕಿತ್ಸೆಗೆ ಹೋಗುವಾಗ, ಹಿಂದೆ ಕೆಮ್ಮಿಗೆ, ಭೇದಿಗೆ ಯಾವ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದಿರಿ ಎಂಬುದನ್ನು ನೆನಪಿಟ್ಟು ಹೇಳಿ. ನೋವು ನಿಂತಿತೆಂದು ಗುಳಿಗೆಯನ್ನು ನಡುವೆ ಬಿಡಬೇಡಿ. ಕೋರ್ಸ್ ಮುಗಿದು ನಾಲ್ಕು ವಾರವಾದ ಮೇಲೆ, ಬ್ಯಾಕ್ಟೀರಿಯ ಹೋಗಿದೆಯೇ ಎಂದು ತಿಳಿಸುವ ಉಸಿರಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ನೀವಾಗಿಯೇ ಕೇಳಿ.