ಹಾವಿನ ವಿಷಕ್ಕೆ ಕುದುರೆಯ ನೆತ್ತರು

ಮುಂಗಾರು ಹಿಡಿಯಿತೆಂದರೆ ಅರಕಲಗೂಡಿನ ಹೊಗೆಸೊಪ್ಪಿನ ಹೊಲ, ಹೊಳೆನರಸೀಪುರದ ನಾಲೆ ಬಯಲಿನ ಗದ್ದೆ, ಚನ್ನರಾಯಪಟ್ಟಣದ ತೆಂಗಿನ ತೋಟ, ಎಲ್ಲ ಕಡೆ ಬರಿಗಾಲುಗಳು ಕೆಲಸಕ್ಕಿಳಿಯುತ್ತವೆ. ಇಲಿ ಹುಡುಕಿಕೊಂಡು ಕೊಳಕುಮಂಡಲವೂ ಅಲ್ಲಿಗೇ ಬರುತ್ತದೆ. ಕಚ್ಚಿಸಿಕೊಂಡವರು ತಾಲ್ಲೂಕು ಆಸ್ಪತ್ರೆಗೋ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಗೋ ತಲುಪಿದರೆ, ವಿಷವೇರಿದ ಲಕ್ಷಣ ಕಂಡೊಡನೆ ಮೊದಲ ಸುತ್ತಿಗೇ 8ರಿಂದ 10 ವಯಲ್ ಪ್ರತಿವಿಷವನ್ನು ಡ್ರಿಪ್‌ನಲ್ಲಿ ಕೊಡುತ್ತಾರೆ. ಅದು ಕುದುರೆಯ ರಕ್ತದಿಂದ ತೆಗೆದ ಔಷಧ.

1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮತ್ತಿತರರು ತೋರಿಸಿದ ದಾರಿಯಲ್ಲೇ ಇಂದಿಗೂ ಇದರ ತಯಾರಿ ನಡೆಯುತ್ತಿದೆ. ನಮ್ಮಲ್ಲಿ ಇದಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಸಂಘ ಅದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷವನ್ನು ಚೂರುಚೂರೇ ಏರಿಸುತ್ತ ಕುದುರೆಗೆ ಚುಚ್ಚುತ್ತಾರೆ. ಕುದುರೆಯ ಮೈ ವಿಷದ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಂಡ ಮೇಲೆ ರಕ್ತ ತೆಗೆದು, ಅದರ ಪ್ಲಾಸ್ಮಾದಿಂದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಇದಕ್ಕಾಗಿ ಕುದುರೆಯನ್ನು ಕೊಲ್ಲುವುದಿಲ್ಲ. ಆದರೆ ಚುಚ್ಚಿದ ಜಾಗದಲ್ಲಿ ಬಾವು, ಕೀವು ಕಾಣಿಸಿಕೊಳ್ಳುವುದುಂಟು. ಆರೈಕೆ ತಪ್ಪಿ, ಬಿಡುವು ಕೊಡದೆ ರಕ್ತ ತೆಗೆದರೆ ರಕ್ತಹೀನತೆಯೂ ಬರುತ್ತದೆ.

ಸಾಯುವ ಸರದಿ ಇಲಿಗಳದ್ದು.

ಭಾರತದ ನಿಯಮದಂತೆ 1 ಮಿಲಿಲೀಟರ್ ಪ್ರತಿವಿಷ ಕನಿಷ್ಠ 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು, 0.45 ಮಿಲಿಗ್ರಾಂ ಕಟ್ಟುಹಾವಿನ ವಿಷವನ್ನು ಅಡಗಿಸಬೇಕು. ಅಡಗಿಸಿತೋ ಇಲ್ಲವೋ ನೋಡಲು ವಿಷವನ್ನೂ ಔಷಧವನ್ನೂ ಬೆರೆಸಿ ಬಿಳಿ ಇಲಿಗಳಿಗೆ ಚುಚ್ಚಿ, ಎಷ್ಟು ಬದುಕಿದವು, ಎಷ್ಟು ಸತ್ತವು ಎಂದು ಎಣಿಸುತ್ತಾರೆ. ಕೊಳಕುಮಂಡಲದ ವಿಷ ರಕ್ತವನ್ನು ಕೆಡಿಸುತ್ತದೆ, ಕಟ್ಟುಹಾವಿನದು ಉಸಿರಾಟವನ್ನೇ ನಿಲ್ಲಿಸುತ್ತದೆ. ಔಷಧ ಸಾಲದೆ ಹೋದ ಇಲಿಯ ಪಾಡನ್ನು ಇದರಿಂದಲೇ ಊಹಿಸಬಹುದು.

ಸೌಂದರ್ಯವರ್ಧಕಗಳ ವಿಷಯದಲ್ಲಿ ತೀರ್ಮಾನ ಸುಲಭವಿತ್ತು. ತುಟಿರಂಗಿಗಾಗಿ ಮೊಲದ ಕಣ್ಣು ಉರಿಸಬಾರದೆಂದು ಹೇಳಲು ಯಾರಿಗೂ ಕಷ್ಟವಾಗಲಿಲ್ಲ. 2014ರಲ್ಲಿ ಭಾರತ ಅಂಥ ಪರೀಕ್ಷೆಗಳನ್ನು ನಿಷೇಧಿಸಿತು. ಪ್ರತಿವಿಷದ ಲೆಕ್ಕ ಬೇರೆ. 2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಹೆಚ್ಚಿನವರು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ. ಕಳೆ ಕೀಳಲು ಹೋದ ಹೆಂಗಸಿನ ಜೀವದ ಮುಂದೆ ಇಲಿಯ ಜೀವವನ್ನು ತೂಗಿ, ಪ್ರಯೋಗ ನಿಲ್ಲಿಸಿ ಎನ್ನುವ ಧೈರ್ಯ ಯಾರಿಗೂ ಬರಲಾರದು, ಬರಲೂಬಾರದು. ಹಾವು ಕಚ್ಚಿದ ಹಸುವನ್ನು ಉಳಿಸಲು ಪಶುವೈದ್ಯರು ಬಳಸುವುದೂ ಇದೇ ಪ್ರತಿವಿಷವನ್ನು.

ಹಾಗೆಂದು ಕುದುರೆಯ ಋಣ ತೀರಿತು ಎನ್ನಲಾಗದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಗೆ 1960ರಲ್ಲೇ ಕಾಯ್ದೆ ಬಂದಿದೆ. ಬೇರೆ ವಿಧಾನದಿಂದ ಆಗುವ ಕೆಲಸಕ್ಕೆ ಪ್ರಾಣಿಯನ್ನು ಬಳಸಬಾರದೆಂಬ ಆಶಯ ಅದರಲ್ಲಿದೆ. 2023ರ ಮಾರ್ಚ್‌ನಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಂದ ತಿದ್ದುಪಡಿ, ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮಾದರಿ, ಚಿಪ್ ಮೇಲಿನ ಅಂಗಾಂಶಗಳಂಥ ಪರೀಕ್ಷೆಗಳಿಗೂ ಬಾಗಿಲು ತೆರೆಯಿತು. ಪ್ರತಿವಿಷದಲ್ಲಿ ಈ ಬಾಗಿಲನ್ನು ಬೇಗ ದಾಟಬೇಕಿದೆ. ವಿಷ ಮತ್ತು ಪ್ರತಿಕಾಯ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೇ ಎಂದು ಮೊದಲು ಗಾಜಿನ ತಟ್ಟೆಯಲ್ಲೇ ನೋಡಿ, ದುರ್ಬಲ ಬ್ಯಾಚ್‌ಗಳನ್ನು ಅಲ್ಲಿಯೇ ಬದಿಗಿಟ್ಟರೆ ಅಷ್ಟು ಇಲಿಗಳು ಉಳಿಯುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ ಇನ್ನೊಂದು ಹೆಜ್ಜೆ ಇಟ್ಟಿದೆ. ನಾಗರಹಾವು, ಕಟ್ಟುಹಾವುಗಳ ಬಳಗದ ವಿಷದಲ್ಲಿ ನರಗಳನ್ನು ಕಟ್ಟಿಹಾಕುವ ಪ್ರಮುಖ ಅಂಶವೊಂದನ್ನು ತಡೆಯುವ ಪ್ರತಿಕಾಯವನ್ನು ಅವರು ಕುದುರೆಯ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ರೂಪಿಸಿ, 2024ರ ಫೆಬ್ರುವರಿಯಲ್ಲಿ ಪ್ರಕಟಿಸಿದರು. ಅದನ್ನೂ ಇಲಿಗಳ ಮೇಲೆಯೇ ಪರೀಕ್ಷಿಸಬೇಕಾಯಿತು. ಕೊಳಕುಮಂಡಲದ ವಿಷದ ಬಗೆಯೇ ಬೇರೆಯಾದ್ದರಿಂದ ಅದಕ್ಕೆ ಈ ಪ್ರತಿಕಾಯ ನಾಟುವುದಿಲ್ಲ. ಪಶ್ಚಿಮಘಟ್ಟದ ಕಾಫಿ ತೋಟಗಳಲ್ಲಿ ಸಿಗುವ ಮೂತಿ ಮೇಲೆತ್ತಿದ ಗುಳಿಮಂಡಲಕ್ಕಂತೂ ಈಗಿನ ನಾಲ್ಕು ಹಾವಿನ ಪ್ರತಿವಿಷ ಕೆಲಸಕ್ಕೇ ಬಾರದು. ಕುದುರೆಯ ನೆತ್ತರು ಇಳಿದೂ ರೋಗಿಗೆ ಪ್ರಯೋಜನವಾಗದ ಆ ಸ್ಥಿತಿಯಲ್ಲಿ ಅನ್ಯಾಯ ಇಬ್ಬರಿಗೂ ಆಗುತ್ತದೆ.

ಪ್ರಾಣಿದಯೆಯ ಚರ್ಚೆಯಲ್ಲಿ ಯಾರೂ ಎತ್ತದ ಮಾತೊಂದಿದೆ: ತಪ್ಪಿಸಿದ ಪ್ರತಿ ಕಡಿತದಿಂದ ಅಷ್ಟು ವಯಲ್ ಉಳಿಯುತ್ತದೆ. ಹೊಲಕ್ಕಿಳಿಯುವಾಗ ಗಂಬೂಟು, ರಾತ್ರಿ ನೀರು ಕಟ್ಟಲು ಹೋಗುವಾಗ ಟಾರ್ಚು, ನೆಲದ ಬದಲು ಮಂಚದ ಮೇಲೆ ಸೊಳ್ಳೆಪರದೆಯೊಳಗೆ ನಿದ್ದೆ, ಮನೆಗೋಡೆಯಿಂದ ದೂರ ಸೌದೆ ರಾಶಿ. ಕಚ್ಚಿದ ಮೇಲೆ ಮಂತ್ರ ಹಾಕಿಸಲು ಅಲೆದು ತಡವಾಗಿ ಬಂದರೆ ವಯಲ್‌ಗಳೂ ಹೆಚ್ಚು ಬೇಕಾಗಬಹುದು, ಜೀವವೂ ಉಳಿಯದೆ ಹೋಗಬಹುದು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ಯಾವ ಹೋಬಳಿಯಲ್ಲಿ, ಯಾವ ತಿಂಗಳಲ್ಲಿ, ಯಾವ ಬೆಳೆಯ ನಡುವೆ ಹೆಚ್ಚು ಜನ ಕಚ್ಚಿಸಿಕೊಳ್ಳುತ್ತಾರೆಂದು ಆ ವರದಿಗಳಿಂದ ತಿಳಿಯಬಹುದು. ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ ಸಹಾಯಧನ ಕೊಡುವ ಇಲಾಖೆಗಳು ಆ ಹೋಬಳಿಗಳಲ್ಲಿ ಮುಂಗಾರಿಗೆ ಮೊದಲೇ ಗಂಬೂಟಿಗೂ ಸಹಾಯಧನ ಕೊಡಲಿ. ಕೂಲಿಗೆ ಬರುವ ಹೆಂಗಸರ ಅಳತೆಯವೂ ಅದರಲ್ಲಿರಲಿ.