ದಾಸೋಹದ ಕರೆ ಸದನಕ್ಕೂ ಮುಟ್ಟಲಿ

ನಾವು ಮಠದಲ್ಲಿ ಓದಿದವರು. ದಾಸೋಹದ ಅನ್ನದಿಂದಲೇ ಬೆಳೆದವರು. ಹುಬ್ಬಳ್ಳಿಯ ದೇಶಪಾಂಡೆ ನಗರದಂತಹ ಬಡಾವಣೆಗಳ ಭಕ್ತಕುಟುಂಬಗಳು ಇಂದಿಗೂ ಮಠಗಳಿಗೆ ದವಸಧಾನ್ಯ ಸಲ್ಲಿಸುತ್ತಿರುವುದು ಸಂತೋಷದ ಸಂಗತಿ. ಆದರೆ ಮಠದ ಒಲೆಯೊಂದೇ ಲೋಕದ ಹಸಿವನ್ನು ನೀಗಲಾರದು. ಅದಕ್ಕೆ ರಾಜ್ಯದ ಬೊಕ್ಕಸವೂ ಕಾನೂನಿನ ಬಲವೂ ಬೇಕು.

2001ರಲ್ಲಿ ರಾಜಸ್ಥಾನದ ನಾಗರಿಕರು ಅನ್ನದ ಹಕ್ಕಿಗಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಅದೇ ನವೆಂಬರ್ 28ರಂದು, ಶಾಲಾಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂಬ ಆಜ್ಞೆ ಹೊರಟಿತು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಬಿಸಿಯೂಟವು ‘ಅಕ್ಷರ ದಾಸೋಹ’ವೆನಿಸಿತು. ಶರಣರ ನುಡಿ ಸರಕಾರದ ಯೋಜನೆಯಾಯಿತು. 2013ರಲ್ಲಿ ಆಹಾರ ಭದ್ರತೆಯು ಸಂಸತ್ತಿನ ಕಾಯ್ದೆಯೇ ಆಯಿತು. ಕೇಳಿದವರಿದ್ದುದರಿಂದಲೇ ಇದು ದೊರಕಿತು.

2030ರೊಳಗೆ ಕಡುಬಡತನವನ್ನು ತೊಲಗಿಸುವೆವೆಂದು 2015ರಲ್ಲಿ 193 ರಾಷ್ಟ್ರಗಳು ವಿಶ್ವಸಂಸ್ಥೆಯಲ್ಲಿ ಮಾತು ಕೊಟ್ಟಿವೆ, ಭಾರತವೂ ಅವುಗಳಲ್ಲೊಂದು. ಮತ ಕೇಳಲು ಬಂದವರಲ್ಲಿ ರಸ್ತೆ, ಗಟಾರಗಳನ್ನಷ್ಟೇ ಬೇಡುವ ನಾವು ಈ ಮಾತನ್ನೇಕೆ ನೆನಪಿಸಬಾರದು? ಮನೆಗೊಂದು ಕಾಗದ ಹೋಗಲಿ. ಬಿಸಿಯೂಟಕ್ಕೆ ಹಣದ ಕೊರತೆಯಾಗದಂತೆ ನೋಡಿರೆಂದು ಶಾಸಕರಿಗೆ ಬರೆಯೋಣ. ಬಡರಾಷ್ಟ್ರಗಳ ಹಸಿವಿನ ಪರವಾಗಿಯೂ ಸದನದಲ್ಲಿ ದನಿಯೆತ್ತಿರೆಂದು ಸಂಸದರನ್ನು ಕೇಳೋಣ.

ಉಣಿಸುವುದು ದಾಸೋಹ, ಉಣಿಸಿರೆಂದು ಆಳುವವರನ್ನು ಎಚ್ಚರಿಸುವುದೂ ಕಾಯಕವೇ.